ಬೆಕ್ಕು ಊಟ ಬಿಟ್ಟಾಗ: ದೋಷ ಎಲ್ಲಿದೆ ಅಂತ ಹುಡುಕುವ ಬಗೆ

"ಹಸಿವಾದ್ರ ತಾನೇ ತಿಂತದ ಬಿಡ್ರಿ." ರಾಯಚೂರಿನ ಓಣಿಗಳಲ್ಲಿ ಬೆಕ್ಕು ಊಟ ಬಿಟ್ಟಿದೆ ಅಂದ ಕೂಡಲೇ ಕೇಳಿಬರುವ ಮಾತು ಇದು. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಬೆಕ್ಕಿನ ಮಟ್ಟಿಗೆ ಈ ಮಾತು ಅಪಾಯದ್ದು.

ಊಟ ನಿಂತರೆ ಬೆಕ್ಕಿನ ಮೈ ತನ್ನಲ್ಲಿರುವ ಕೊಬ್ಬನ್ನು ಕರಗಿಸಿ ಲಿವರ್‌ಗೆ ಕಳಿಸುತ್ತದೆ. ಅಷ್ಟು ಕೊಬ್ಬನ್ನು ಸಂಭಾಳಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಇಲ್ಲ. ಕೊಬ್ಬು ಅಲ್ಲೇ ತುಂಬಿಕೊಳ್ಳುತ್ತದೆ. ಕಾಮಾಲೆ ಬರುತ್ತದೆ, ವಾಕರಿಕೆ ಶುರುವಾಗುತ್ತದೆ, ವಾಕರಿಕೆಯಿಂದ ಊಟ ಇನ್ನಷ್ಟು ಬೇಡವಾಗುತ್ತದೆ. ಮೊದಲು ಇದ್ದದ್ದು ಬರೀ ಹಲ್ಲುನೋವೇ ಆಗಿದ್ದರೂ ಕೊನೆಗೆ ಜೀವಕ್ಕೆ ಕುತ್ತು ತರುವುದು ಲಿವರ್. ಪೂರ್ತಿ ಉಪವಾಸ ಎರಡು ಮೂರು ದಿನ ದಾಟಿದರೆ ಸಾಕು, ಇದು ಶುರುವಾಗಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಜಾಸ್ತಿ. "ಮೈಯಲ್ಲಿ ಕೊಬ್ಬಿದೆ, ತಡೆದುಕೊಳ್ಳುತ್ತದೆ" ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಆ ಕೊಬ್ಬೇ ಮುಳುವಾಗುತ್ತದೆ.

ಹಾಗಾಗಿ ಗಡಿಯಾರ ನೋಡಿಕೊಂಡೇ ಹುಡುಕಾಟ ಶುರು ಮಾಡಿ. ದೊಡ್ಡ ಬೆಕ್ಕು 24 ಗಂಟೆ ಏನೂ ತಿಂದಿಲ್ಲ ಅಂದರೆ ಪಶುವೈದ್ಯರಿಗೆ ತೋರಿಸಬೇಕು. 48 ಗಂಟೆ ಆಗಿದ್ದರೆ ಈ ಬರಹ ಓದುತ್ತಾ ಕೂರಬೇಡಿ, ಹೊರಡಿ. ಮೂರು ತಿಂಗಳೊಳಗಿನ ಮರಿಗೆ ಅಷ್ಟು ಹೊತ್ತೂ ಇಲ್ಲ. ಅರ್ಧ ದಿನ ಹೊಟ್ಟೆ ಖಾಲಿ ಇದ್ದರೆ ರಕ್ತದಲ್ಲಿನ ಸಕ್ಕರೆ ಇಳಿದು ಮರಿ ತಣ್ಣಗಾಗಿ ಬಿದ್ದುಬಿಡಬಹುದು. ಅರ್ಧಂಬರ್ಧ ತಿನ್ನುವ ಬೆಕ್ಕಿಗೆ ಸ್ವಲ್ಪ ಸಮಯ ಸಿಗುತ್ತದೆ. ಆದರೆ ಮೂರ್ನಾಲ್ಕು ದಿನ ಅರ್ಧ ಹೊಟ್ಟೆಯಲ್ಲೇ ಇದ್ದರೆ ಅದನ್ನೂ ತೋರಿಸಬೇಕು.

ಕಾಯಲೇಬಾರದ ಸಂದರ್ಭಗಳು

ಊಟ ಬಿಟ್ಟಿರುವುದರ ಜೊತೆಗೆ ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಗಂಟೆ ಲೆಕ್ಕ ಬಿಡಿ. ಬಾಯಿ ತೆರೆದು ಏದುಸಿರು ಬಿಡುವುದು. ಪದೇ ಪದೇ ವಾಂತಿ. ವಸಡು ಅಥವಾ ಕಿವಿಯ ಒಳಭಾಗ ಹಳದಿ, ತೀರಾ ಬಿಳಿ, ನೀಲಿ ಇಲ್ಲವೇ ಕಂದು ಬಣ್ಣಕ್ಕೆ ತಿರುಗಿರುವುದು. ನಡುಕ, ಫಿಟ್ಸ್. ಕರೆದರೂ ತಲೆ ಎತ್ತದಿರುವುದು.

ಇನ್ನೊಂದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದನ್ನು ತಪ್ಪು ತಿಳಿಯುವವರು ಬಹಳ. ಗಂಡು ಬೆಕ್ಕು ಮತ್ತೆ ಮತ್ತೆ ಮಣ್ಣಿನ ಟ್ರೇಗೋ ಹಿತ್ತಲಿಗೋ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ತನ್ನ ಗುಪ್ತಾಂಗವನ್ನು ನೆಕ್ಕುತ್ತಲೇ ಇರುತ್ತದೆ. ಮನೆಯವರು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುತ್ತಾರೆ. ನಿಜದಲ್ಲಿ ಕಟ್ಟಿರುವುದು ಮೂತ್ರ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಸಣ್ಣ ಹರಳು ಅಥವಾ ಲೋಳೆಯ ಗಂಟು ಸಿಕ್ಕಿದರೂ ಮುಚ್ಚಿಹೋಗುತ್ತದೆ. ರಕ್ತದಲ್ಲಿ ವಿಷ ಮತ್ತು ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲಬಹುದು. ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಮೂತ್ರಚೀಲ ಒಡೆಯುವ ಭಯವಿದೆ. ನಡುರಾತ್ರಿ ಆಗಿದ್ದರೂ ವೈದ್ಯರಿಗೆ ಫೋನ್ ಮಾಡಿ.

ನಿಜವಾಗಿಯೂ ತಿಂದಿಲ್ಲವೇ?

ಇದನ್ನು ಬೇಗ ತೀರಿಸಿಬಿಡೋಣ. ನಮ್ಮ ಕಡೆ ಬೆಕ್ಕುಗಳು ಮಾಳಿಗೆಯಿಂದ ಮಾಳಿಗೆಗೆ ಜಿಗಿದು ಇಡೀ ಓಣಿ ಸುತ್ತುತ್ತವೆ. ಬಾಜೂ ಮನೆಯಲ್ಲಿ ಮೀನು ತಿಂದು ಬಂದಿರಬಹುದು. ಅಕ್ಕಪಕ್ಕದವರನ್ನು ಕೇಳಿ. ಬೆಕ್ಕು ಲವಲವಿಕೆಯಿಂದ ಇದ್ದು, ಮೈ ನೆಕ್ಕಿಕೊಂಡು, ಎಂದಿನಂತೆ ಮಲಮೂತ್ರ ಮಾಡುತ್ತಿದ್ದರೆ ಹೊಟ್ಟೆ ಎಲ್ಲೋ ತುಂಬಿದೆ ಅಂತ ಅರ್ಥ. ಖಾತ್ರಿ ಮಾಡಿಕೊಳ್ಳಲು ಒಂದು ದಿನ ಹೊರಗೆ ಬಿಡದೆ ಕೋಣೆಯಲ್ಲಿಡಿ. ನೀರು, ಮಣ್ಣಿನ ಟ್ರೇ, ಅಳತೆ ಮಾಡಿದ ಊಟ ಇಡಿ. ಮನೆಯಲ್ಲಿ ಎರಡು ಮೂರು ಬೆಕ್ಕಿದ್ದರೆ ಈ ಕೆಲಸ ಇನ್ನೂ ಮುಖ್ಯ. ತಟ್ಟೆ ಖಾಲಿಯಾಗಿದೆ ಅಂದಮಾತ್ರಕ್ಕೆ ಎಲ್ಲರೂ ತಿಂದಿದ್ದಾರೆ ಅಂತಲ್ಲ ಅಲ್ವಾ?

ನೀವು ಹಾಕುವ ಊಟವನ್ನೂ ಮೂಸಿ ನೋಡಿ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ತೆರೆದಿಟ್ಟ ಒಣ ಆಹಾರದ ಚೀಲದಲ್ಲಿ ಎಣ್ಣೆಯಂಶ ಕಮಟಾಗುತ್ತದೆ. ನಮ್ಮ ಮೂಗಿಗೆ ಸ್ವಲ್ಪ ವಾಸನೆ ಬಂದರೆ ಬೆಕ್ಕಿನ ಮೂಗಿಗೆ ಅದು ಹೊಡೆಯುತ್ತದೆ. ಹೊಸ ಚೀಲ, ಬೇರೆ ಕಂಪನಿ, ಬೇರೆ ರುಚಿ ಬದಲಾಯಿಸಿದ್ದೀರಾ ಅಂತಲೂ ನೆನಪು ಮಾಡಿಕೊಳ್ಳಿ. ಹಳೆಯದನ್ನು ಒಮ್ಮೆಲೇ ನಿಲ್ಲಿಸಿದರೆ ಕೆಲವು ಬೆಕ್ಕು ಹೊಸದನ್ನು ಮುಟ್ಟುವುದೇ ಇಲ್ಲ. ವಾರ, ಹತ್ತು ದಿನ ಬೆರೆಸುತ್ತಾ ಬದಲಿಸಬೇಕು.

ಬೇಡವೋ, ಬೇಕಿದ್ದರೂ ಆಗುತ್ತಿಲ್ಲವೋ?

ಇಡೀ ಹುಡುಕಾಟದಲ್ಲಿ ಅತಿ ಮುಖ್ಯ ಪ್ರಶ್ನೆ ಇದೇ. ಇದಕ್ಕೆ ಉತ್ತರ ಸಿಕ್ಕರೆ ಅರ್ಧ ದೋಷ ಸಿಕ್ಕ ಹಾಗೆ. ವೈದ್ಯರಿಗೂ ಬಹಳ ಸಹಾಯವಾಗುತ್ತದೆ.

ಉಪ್ಪು ಖಾರ ಇಲ್ಲದೆ ಬೇಯಿಸಿದ ಕೋಳಿ ಮಾಂಸದ ಎರಡು ಚೂರನ್ನು ಉಗುರು ಬೆಚ್ಚಗೆ ಮಾಡಿ ಬೆಕ್ಕಿನ ಮುಂದಿಡಿ. ಒಂದಷ್ಟು ದೂರ ಹೋಗಿ ಸುಮ್ನೆ ಕೂತು ನೋಡಿ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಬೆಕ್ಕು ಓಡಿ ಬಂದಿತೇ? ಮೂಸಿತೇ? ಬಾಯಿ ಹಾಕಿ ಥಟ್ಟನೆ ಹಿಂದೆ ಸರಿಯಿತೇ? ಒಂದೇ ಪಕ್ಕದಲ್ಲಿ ಅಗಿಯಲು ತಲೆ ವಾಲಿಸಿತೇ? ಚೂರು ಬಾಯಿಂದ ಬಿತ್ತೇ? ಮುಂಗಾಲಿನಿಂದ ಬಾಯಿ ಉಜ್ಜಿಕೊಂಡಿತೇ? ಇಂಥದ್ದು ಕಂಡರೆ ಹಸಿವು ಇದೆ, ಬಾಯಿ ಅಥವಾ ಗಂಟಲಲ್ಲಿ ತೊಂದರೆ ಇದೆ. ಹಾಗಲ್ಲದೆ ಊಟದ ಕಡೆ ನೋಡದೆ ಮುಖ ತಿರುಗಿಸಿದರೆ, ಮೂಸಿದ ಕೂಡಲೇ ತುಟಿ ನೆಕ್ಕುತ್ತಾ ಜೊಲ್ಲು ಸುರಿಸಿ ಎದ್ದು ಹೋದರೆ, ಹಸಿವೇ ಇಲ್ಲ ಅಥವಾ ವಾಕರಿಕೆ ಇದೆ. ದೋಷ ಮೈಯೊಳಗೆ ಇನ್ನೆಲ್ಲೋ ಇದೆ.

ಮೂರನೆಯದು ಒಂದಿದೆ. ಬೆಕ್ಕು ಬರುತ್ತದೆ, ಮೂಸಲು ನೋಡುತ್ತದೆ, ಏನೂ ವಾಸನೆ ಸಿಗದೆ ಹೊರಟುಹೋಗುತ್ತದೆ. ಮೂಗು ಕಟ್ಟಿದೆ. ಬೆಕ್ಕು ಊಟವನ್ನು ಗುರುತಿಸುವುದು ನಾಲಿಗೆಗಿಂತ ಹೆಚ್ಚಾಗಿ ಮೂಗಿನಿಂದ. ಸಿಹಿ ರುಚಿಯಂತೂ ಅದಕ್ಕೆ ಗೊತ್ತೇ ಆಗುವುದಿಲ್ಲ. ವಾಸನೆ ಇಲ್ಲದ ಊಟ ಅದಕ್ಕೆ ಊಟವೇ ಅಲ್ಲ.

ಬೇಕಿದ್ದರೂ ಆಗುತ್ತಿಲ್ಲ ಅಂದರೆ

ಬಾಯಿ ನೋಡುವ ಮೊದಲು ಒಂದು ಎಚ್ಚರಿಕೆ. ಬೆಕ್ಕಿಗೆ ರೇಬೀಸ್ ಲಸಿಕೆ ಹಾಕಿಸಿಲ್ಲ, ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿದೆ, ಜೊಲ್ಲು ಸುರಿಯುತ್ತಿದೆ, ನುಂಗಲು ಆಗುತ್ತಿಲ್ಲ, ಕೂಗಿನ ದನಿ ಬೇರೆಯಾಗಿದೆ ಅಂತಾದರೆ ಬಾಯಿಗೆ ಕೈ ಹಾಕಲೇಬೇಡಿ. ಹಿಂದಿನ ವಾರಗಳಲ್ಲಿ ಬೀದಿ ನಾಯಿಯೋ ಬೇರೆ ಬೆಕ್ಕೋ ಕಚ್ಚಿದ್ದರಂತೂ ಅದನ್ನು ಕೋಣೆಯಲ್ಲಿ ಕೂಡಿ, ಮಕ್ಕಳನ್ನು ದೂರವಿಟ್ಟು, ವೈದ್ಯರಿಗೆ ಫೋನ್ ಮಾಡಿ. ಕಚ್ಚಿದರೆ, ಪರಚಿದರೆ, ಗಾಯಕ್ಕೆ ಜೊಲ್ಲು ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಅರಿಶಿನ, ಸುಣ್ಣ ಹಚ್ಚಿ ಕೂರುವ ಗಾಯ ಅಲ್ಲ ಅದು.

ಆ ಅನುಮಾನ ಇಲ್ಲದಿದ್ದರೆ ಬೆಳಕಿಗೆ ಕೂರಿಸಿ, ತುಟಿಯನ್ನು ಮೆಲ್ಲಗೆ ಎತ್ತಿ ನೋಡಿ. ವಸಡು ತಿಳಿ ಗುಲಾಬಿ ಬಣ್ಣ ಇರಬೇಕು. ಹಲ್ಲಿನ ಬುಡದಲ್ಲಿ ಕೆಂಪು ಗೆರೆ, ರಕ್ತ, ಕೆಟ್ಟ ನಾತ ಇದ್ದರೆ ವಸಡಿನ ರೋಗ. ಗಂಟಲ ಹತ್ತಿರವೆಲ್ಲ ಕೆಂಪಗೆ ಹುಣ್ಣಾಗಿದ್ದರೆ ಅದು ಬಾಯಿಯ ತೀವ್ರ ಉರಿಯೂತ. ಇಂಥ ಬೆಕ್ಕು ಹಸಿವಿನಿಂದ ಬರುತ್ತದೆ, ತುತ್ತು ತಾಗಿದ ಕೂಡಲೇ ನೋವಿಗೆ ಗುರ್ ಅಂದು ಓಡುತ್ತದೆ. ನಾಲಿಗೆ ಮೇಲೆ ಹುಣ್ಣು, ಜೊತೆಗೆ ಸೀನು, ಕಣ್ಣಲ್ಲಿ ಪಿಸರು ಇದ್ದರೆ ಬೆಕ್ಕಿನ ಶೀತಜ್ವರದ ವೈರಸ್ ಇರಬಹುದು.

ನಾಲಿಗೆಯ ಹುಣ್ಣಿಗೆ ನಮ್ಮ ಮನೆಗಳಲ್ಲೇ ಒಂದು ಕಾರಣ ಇದೆ. ಫಿನಾಯಿಲ್. ಪರಸಿ ಕಲ್ಲಿನ ನೆಲಕ್ಕೆ ಫಿನಾಯಿಲ್ ಹಾಕಿ ಒರೆಸುತ್ತೇವೆ. ಬಿಸಿಲಿಗೆ ಬೆಂದ ಬೆಕ್ಕು ಅದೇ ತಂಪು ಕಲ್ಲಿನ ಮೇಲೆ ಮೈ ಚಾಚಿ ಮಲಗುತ್ತದೆ. ಆಮೇಲೆ ಎದ್ದು ಕಾಲು, ಹೊಟ್ಟೆ ನೆಕ್ಕಿಕೊಳ್ಳುತ್ತದೆ. ಈ ಜಾತಿಯ ರಾಸಾಯನಿಕಗಳನ್ನು ಮೈಯಿಂದ ಹೊರಹಾಕುವುದು ಬೆಕ್ಕಿಗೆ ಕಷ್ಟ. ನಾಲಿಗೆ ಸುಡುತ್ತದೆ, ಜೊಲ್ಲು ಸುರಿಯುತ್ತದೆ, ಊಟ ನಿಲ್ಲುತ್ತದೆ. ಬೆಕ್ಕಿರುವ ಮನೆಯಲ್ಲಿ ನೆಲಕ್ಕೆ ಬರೀ ನೀರು ಅಥವಾ ತೆಳು ಸೋಪಿನ ನೀರು ಸಾಕು.

ಮೀನಿನ ಮುಳ್ಳು, ಕೋಳಿಯ ಬೆಂದ ಎಲುಬು ಬಾಯಿಯ ಅಂಗುಳಕ್ಕೆ ಅಡ್ಡ ಸಿಕ್ಕಿಕೊಳ್ಳುವುದೂ ಉಂಟು. ಕಣ್ಣಿಗೆ ಕಾಣುತ್ತಿದೆ, ಸಲೀಸಾಗಿ ಬರುತ್ತದೆ ಅನ್ನಿಸಿದರೆ ಮಾತ್ರ ತೆಗೆಯಿರಿ. ಇಲ್ಲದಿದ್ದರೆ ಕೆದಕಬೇಡಿ.

ಇನ್ನು ದಾರ. ಬಳ್ಳಾರಿಯವರು ಇದನ್ನು ಗಮನವಿಟ್ಟು ಓದಬೇಕು. ಅಲ್ಲಿ ಜೀನ್ಸ್ ಹೊಲಿಯುವ ಕೆಲಸ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದೆ. ನೆಲದ ತುಂಬ ದಾರದ ತುಣುಕು, ಇಲಾಸ್ಟಿಕ್ ಬಿದ್ದಿರುತ್ತವೆ. ಹೂ ಕಟ್ಟುವ ಮನೆಗಳಲ್ಲೂ ಹಾಗೆ. ಬೆಕ್ಕು ಆಡುತ್ತಾ ದಾರ ನುಂಗುತ್ತದೆ. ಅದರ ನಾಲಿಗೆಯ ಮುಳ್ಳುಗಳು ಹಿಂದಕ್ಕೆ ಬಾಗಿವೆ, ಬಾಯಿಗೆ ಸಿಕ್ಕ ದಾರವನ್ನು ಉಗುಳಲು ಅದಕ್ಕೆ ಬರುವುದಿಲ್ಲ. ಒಂದು ತುದಿ ನಾಲಿಗೆಯ ಬುಡಕ್ಕೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿಗೆ ಇಳಿದರೆ, ಕರುಳು ನೆರಿಗೆ ಕಟ್ಟಿ ಸೀಳುತ್ತದೆ. ಅದಕ್ಕೇ ನಾಲಿಗೆಯ ಕೆಳಗೆ ನೋಡುವುದನ್ನು ಮರೆಯಬೇಡಿ. ದಾರ ಕಂಡರೆ ಎಳೆಯಬೇಡಿ. ಹಿಂದಿನಿಂದ ಜೋತಾಡುತ್ತಿದ್ದರೂ ಎಳೆಯಬೇಡಿ, ಕತ್ತರಿಸಲೂ ಬೇಡಿ. ಸೀದಾ ಆಸ್ಪತ್ರೆ. ಊಟ ಬಿಟ್ಟು, ವಾಂತಿ ಮಾಡಿ, ಮೂಲೆಯಲ್ಲಿ ಮುದುಡಿ ಕೂತ ಎಳೆ ಬೆಕ್ಕನ್ನು ಕಂಡಾಗ ನನಗೆ ಮೊದಲು ಬರುವ ಅನುಮಾನವೇ ದಾರ.

ಬೇಡವೇ ಬೇಡ ಅಂದರೆ

ಇಲ್ಲಿ ಕಾರಣಗಳ ದಂಡೇ ಇದೆ. ಬೆಕ್ಕಿನ ವಯಸ್ಸು, ಸುತ್ತಲಿನ ಬದಲಾವಣೆ ನೋಡಿಕೊಂಡು ಒಂದೊಂದಾಗಿ ಕಳೆಯುತ್ತಾ ಹೋಗಬೇಕು.

ಮೊದಲು ಜ್ವರ. ಬೆಕ್ಕಿನ ಸಹಜ ಮೈಬಿಸಿ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಜಾಸ್ತಿ. ಹಾಗಾಗಿ ಕೈಯಿಟ್ಟು ನೋಡಿದರೆ ಬೆಕ್ಕಿಗೆ ಯಾವಾಗಲೂ ಜ್ವರವೇ. ಮೂಗು ಒಣಗಿದೆಯೋ ಒದ್ದೆಯಿದೆಯೋ ಅನ್ನುವ ಲೆಕ್ಕವೂ ನಂಬಲು ಬರುವುದಿಲ್ಲ. ಡಿಜಿಟಲ್ ಥರ್ಮಾಮೀಟರ್ ತುದಿಗೆ ಒಂದಿಷ್ಟು ವ್ಯಾಸಲಿನ್ ಹಚ್ಚಿ ಗುದದ್ವಾರದಲ್ಲಿ ನೋಡಬೇಕು, ಒಬ್ಬರು ಟವೆಲ್‌ನಲ್ಲಿ ಸುತ್ತಿ ಹಿಡಿದಿರಬೇಕು. 103 ದಾಟಿದ್ದರೆ ಜ್ವರ. 99ಕ್ಕಿಂತ ಕೆಳಗಿದ್ದರೆ ಜ್ವರಕ್ಕಿಂತ ದೊಡ್ಡ ಅಪಾಯ, ಬಟ್ಟೆ ಸುತ್ತಿ ಬೆಚ್ಚಗಿಟ್ಟು ಕೂಡಲೇ ಹೊರಡಿ. ಬೆಕ್ಕು ಕೊಸರಾಡಿದರೆ ಥರ್ಮಾಮೀಟರ್ ಆಸೆ ಬಿಟ್ಟುಬಿಡಿ, ವೈದ್ಯರು ನೋಡಿಕೊಳ್ಳುತ್ತಾರೆ.

ಓಣಿ ಸುತ್ತುವ ಗಂಡು ಬೆಕ್ಕಿಗೆ ಜ್ವರ ಇದ್ದರೆ ರೋಮದ ಕೆಳಗೆ ಕೈಯಾಡಿಸಿ. ಕೆನ್ನೆ, ಕಾಲು, ಬಾಲದ ಬುಡದಲ್ಲಿ ಎಲ್ಲಾದರೂ ಊತ, ಮುಟ್ಟಿದರೆ ನೋವು ಇದೆಯಾ ನೋಡಿ. ಜಗಳದಲ್ಲಿ ಹಲ್ಲು ನೆಟ್ಟ ಗಾಯ ಮೇಲೆ ಬೇಗ ಮುಚ್ಚಿಕೊಂಡು ಒಳಗೆ ಕೀವು ಕಟ್ಟುತ್ತದೆ. ಕೀವು ತೆಗೆದು ಔಷಧ ಕೊಟ್ಟರೆ ಬೆಕ್ಕು ಬೇಗ ತಟ್ಟೆಗೆ ಮರಳುತ್ತದೆ.

ಮರಿ ಅಥವಾ ಲಸಿಕೆಯಾಗದ ಎಳೆ ಬೆಕ್ಕು ಊಟ ಬಿಟ್ಟು, ವಾಂತಿ ಮಾಡಿ, ನೀರಿನ ತಟ್ಟೆಯ ಮೇಲೆ ತಲೆ ಇಳಿಬಿಟ್ಟು ಕುಡಿಯಲಾರದೆ ಕೂತಿದ್ದರೆ ಪ್ಯಾನ್‌ಲ್ಯೂಕೋಪೀನಿಯಾ ಇರಬಹುದು. ಕರುಳಿನ ಒಳಪದರ ಮತ್ತು ಬಿಳಿ ರಕ್ತಕಣ ಎರಡನ್ನೂ ನಾಶ ಮಾಡುವ ವೈರಸ್ ಅದು. ಮರಿಗಳನ್ನು ಬಹಳ ಬೇಗ ಒಯ್ಯುತ್ತದೆ. ಡ್ರಿಪ್ ಮತ್ತು ಆರೈಕೆ ಬೇಗ ಸಿಕ್ಕರೆ ಉಳಿಯುವ ಮರಿಗಳೂ ಇವೆ, ಆದ್ದರಿಂದ ಕೈಚೆಲ್ಲಬೇಡಿ. ಮನೆಯ ಬೇರೆ ಬೆಕ್ಕುಗಳನ್ನು ದೂರವಿಡಿ. ಆರೆಂಟು ವಾರಕ್ಕೆ ಶುರು ಮಾಡಿ 16 ವಾರದವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ಲಸಿಕೆ ಹಾಕಿಸಿದರೆ ಈ ರೋಗವನ್ನು ತಡೆಯಬಹುದು.

ವಯಸ್ಸಾದ ಬೆಕ್ಕಿನ ಕಥೆ ಬೇರೆ. ಕೆಲವು ತಿಂಗಳಿಂದ ನೀರು ಜಾಸ್ತಿ ಕುಡಿಯುತ್ತಿತ್ತಾ, ಮೂತ್ರ ಜಾಸ್ತಿ ಮಾಡುತ್ತಿತ್ತಾ, ಬೆನ್ನ ಮೂಳೆ ಕೈಗೆ ಸಿಗುತ್ತಿದೆಯಾ? ಹಾಗಾದರೆ ಮೂತ್ರಪಿಂಡ ಸೋಲುತ್ತಿರಬಹುದು. ಸಕ್ಕರೆ ಕಾಯಿಲೆಯಲ್ಲೂ ಹೀಗೇ ಆಗುತ್ತದೆ. ರಕ್ತ ಪರೀಕ್ಷೆ ಇಲ್ಲದೆ ಇದನ್ನು ಹೇಳಲು ಬರುವುದಿಲ್ಲ. ಬೇಸಿಗೆಯಲ್ಲಿ ನೀರು ಜಾಸ್ತಿ ಕುಡಿಯುವುದು ಸಹಜ ಅಂತ ಈ ಸುಳಿವನ್ನು ತಳ್ಳಿಹಾಕುವವರೇ ನಮ್ಮಲ್ಲಿ ಹೆಚ್ಚು.

ಮನಸ್ಸಿನ ಕಾರಣಗಳೂ ಇವೆ. ಮನೆ ಬದಲಾಯಿಸಿದ್ದು, ಹೊಸ ನಾಯಿಮರಿ ಬಂದದ್ದು, ಮದುವೆಗೆ ನೆಂಟರು ತುಂಬಿದ್ದು, ದೀಪಾವಳಿಯ ಪಟಾಕಿ, ಅಚ್ಚುಮೆಚ್ಚಿನ ಮನುಷ್ಯ ಊರಿಗೆ ಹೋದದ್ದು. ಬೆಕ್ಕು ಮಂಚದ ಕೆಳಗೆ ಸೇರಿಕೊಂಡು ಊಟಕ್ಕೇ ಬರುವುದಿಲ್ಲ. ಒಂದು ಕತ್ತಲೆಯ ಶಾಂತ ಮೂಲೆ ಮಾಡಿಕೊಡಿ, ಮಕ್ಕಳು ಎಳೆದಾಡದಂತೆ ನೋಡಿಕೊಳ್ಳಿ, ಊಟವನ್ನು ಅಲ್ಲೇ ಹತ್ತಿರ ಇಡಿ. ಮಣ್ಣಿನ ಟ್ರೇ ಪಕ್ಕದಲ್ಲಿ ಮಾತ್ರ ಇಡಬೇಡಿ. ಲಸಿಕೆ ಹಾಕಿಸಿದ ದಿನವೂ ಬೆಕ್ಕು ಮಂಕಾಗಿ ಕಡಿಮೆ ತಿನ್ನುತ್ತದೆ, ಮರುದಿನ ಸರಿಹೋಗುತ್ತದೆ. ಆದರೆ ಮನಸ್ಸಿನ ಕಾರಣಕ್ಕೆ ಉಪವಾಸ ಬಿದ್ದರೂ ಲಿವರ್ ಕೆಡುವುದು ಅದೇ ರೀತಿ. 24 ಗಂಟೆಯ ಲೆಕ್ಕ ಇದಕ್ಕೂ ಇದೆ.

ಬಿಸಿಲು

ಬೇಸಿಗೆಯಲ್ಲಿ ಬೆಕ್ಕು ಹಗಲೆಲ್ಲ ಕೂಲರ್ ಮುಂದೆಯೋ ಬಚ್ಚಲಲ್ಲೋ ಬಿದ್ದುಕೊಂಡು, ರಾತ್ರಿ ತಂಪಾದ ಮೇಲೆ ಮತ್ತು ನಸುಕಿನಲ್ಲಿ ತಿನ್ನುತ್ತದೆ. ಒಟ್ಟು ಊಟ ಸ್ವಲ್ಪ ಇಳಿಯುತ್ತದೆ. ಅದು ದೋಷವಲ್ಲ. ಊಟದ ಹೊತ್ತನ್ನು ಬೆಳಿಗ್ಗೆ ಐದೂವರೆ, ರಾತ್ರಿ ಒಂಬತ್ತರ ಕಡೆ ಸರಿಸಿ ನೋಡಿ. ಪೂರ್ತಿ ಬಿಟ್ಟರೆ ಮಾತ್ರ ಬಿಸಿಲಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ನೀರು ಆರಿದೆಯಾ ಅಂತ ನೋಡಲು ವಸಡನ್ನು ಬೆರಳಿನಿಂದ ಮುಟ್ಟಿ. ಜಾರಬೇಕು. ಅಂಟಂಟಾಗಿದ್ದರೆ ಮೈಯಲ್ಲಿ ನೀರು ಕಡಿಮೆ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟರೆ ಕೂಡಲೇ ಕೂರಬೇಕು. ಗುಡಾರದಂತೆ ನಿಂತರೆ ನೀರು ಚೆನ್ನಾಗಿಯೇ ಆರಿದೆ, ಡ್ರಿಪ್ ಬೇಕಾಗುತ್ತದೆ. ಮುದಿ ಬೆಕ್ಕಿನ ಚರ್ಮ ಮೊದಲೇ ಸಡಿಲ, ಅಲ್ಲಿ ಈ ಪರೀಕ್ಷೆ ಅಷ್ಟು ಖಾತ್ರಿಯಲ್ಲ.

ತಗಡಿನ ಶೆಡ್‌ನಲ್ಲೋ ಬೀಗ ಹಾಕಿದ ಕೋಣೆಯಲ್ಲೋ ಸಿಕ್ಕಿಕೊಂಡಿದ್ದ ಬೆಕ್ಕು ಬಾಯಿ ತೆರೆದು ತೇಕುತ್ತಿದ್ದರೆ ಅದು ಉಷ್ಣಾಘಾತ. ಸಾಧಾರಣ ತಣ್ಣೀರಿನಿಂದ ಮೈ, ಅಂಗಾಲು ಒದ್ದೆ ಮಾಡಿ ಫ್ಯಾನ್ ಹಾಕಿ, ಹಾಗೇ ಆಸ್ಪತ್ರೆಗೆ ಹೊರಡಿ. ಐಸ್ ನೀರು ಬೇಡ.

ವಿಷದ ಅನುಮಾನ

ತುಂಗಭದ್ರಾ ಕಾಲುವೆಯ ನೀರು ಹರಿಯುವ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಕಡೆಯವರಿಗೆ ಈ ಭಾಗ. ಭತ್ತ ಇರುವಲ್ಲಿ ಇಲಿ, ಇಲಿ ಇರುವಲ್ಲಿ ಇಲಿ ಪಾಷಾಣ. ಬೆಕ್ಕು ಪಾಷಾಣವನ್ನೇ ತಿನ್ನಬೇಕಿಲ್ಲ, ಅದನ್ನು ತಿಂದ ಇಲಿಯನ್ನು ತಿಂದರೂ ಅಪಾಯ.

ಎಲ್ಲ ಇಲಿ ಮದ್ದೂ ಒಂದೇ ಥರ ಕೆಲಸ ಮಾಡುವುದಿಲ್ಲ. ಕಪ್ಪು ಪುಡಿಯ ಜಿಂಕ್ ಫಾಸ್ಫೈಡ್ ಹೊಟ್ಟೆಯ ಆಮ್ಲಕ್ಕೆ ಸೇರಿ ವಿಷಾನಿಲವಾಗುತ್ತದೆ, ಕೆಲವೇ ಗಂಟೆಗಳಲ್ಲಿ ವಾಂತಿ, ಉಸಿರಾಟದ ತೊಂದರೆ. ಕೇಕ್ ರೂಪದಲ್ಲಿ ಬರುವ ಬ್ರೋಮಾಡಿಯೋಲೋನ್ ಸದ್ದಿಲ್ಲದೆ ಕೊಲ್ಲುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ವಿಟಮಿನ್ ಕೆ ಕೆಲಸವನ್ನು ಅದು ತಡೆಯುತ್ತದೆ. ಮೂರರಿಂದ ಐದು ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಬೆಕ್ಕು ಮಂಕಾಗಿ, ಊಟ ಬಿಟ್ಟು, ವಸಡು ಬಿಳಿಚಿಕೊಂಡು, ಮೂಗಿನಿಂದಲೋ ಮಲದಲ್ಲೋ ರಕ್ತ ಬರುತ್ತದೆ. ಇದಕ್ಕೆ ಮದ್ದಿದೆ, ವಿಟಮಿನ್ ಕೆ1. ಅದಕ್ಕೇ ಮನೆಯಲ್ಲೋ ಪಕ್ಕದ ಗೋದಾಮಿನಲ್ಲೋ ಇಟ್ಟ ಇಲಿ ಮದ್ದಿನ ಪೊಟ್ಟಣ ಸಿಕ್ಕರೆ ಅದನ್ನೇ ವೈದ್ಯರ ಹತ್ತಿರ ಒಯ್ಯಿರಿ. ಹೆಸರು ಗೊತ್ತಾದರೆ ಚಿಕಿತ್ಸೆಯ ದಾರಿ ಗೊತ್ತಾಗುತ್ತದೆ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಕುಡಿಸುವುದು ಬೇಡ.

ಹತ್ತಿ, ಮೆಣಸಿನಕಾಯಿಗೆ ಔಷಧ ಹೊಡೆದ ಹೊಲದಿಂದ ಬಂದ ಬೆಕ್ಕಿಗೆ ಜೊಲ್ಲು, ನಡುಕ ಇದ್ದರೂ ಇದೇ ಎಚ್ಚರ. ರೋಮಕ್ಕೆ ತಾಗಿದ್ದರೆ ಇನ್ನಷ್ಟು ನೆಕ್ಕದಂತೆ ಟವೆಲ್‌ನಲ್ಲಿ ಸುತ್ತಿ. ನಾಯಿಗೆ ಹಚ್ಚುವ ಉಣ್ಣಿ ಔಷಧವನ್ನು ಬೆಕ್ಕಿಗೆ ಹಚ್ಚಿದರೂ ಹೀಗಾಗುತ್ತದೆ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ಅದು ವಿಷ.

ಮನೆಯಲ್ಲಿ ತಿನ್ನಿಸಿ ನೋಡುವುದು

ಅಪಾಯದ ಲಕ್ಷಣ ಯಾವುದೂ ಇಲ್ಲ, 24 ಗಂಟೆ ಇನ್ನೂ ಆಗಿಲ್ಲ ಅಂದರೆ ಮಾತ್ರ ಈ ಪ್ರಯತ್ನ.

ಊಟವನ್ನು ಬೆಚ್ಚಗೆ ಮಾಡಿ. ಈಗಷ್ಟೇ ಹಿಡಿದ ಇಲಿಯ ಮೈಬಿಸಿ ಎಷ್ಟೋ ಅಷ್ಟು ಸಾಕು, ಮಣಿಕಟ್ಟಿನ ಮೇಲೆ ಇಟ್ಟರೆ ಹಿತವಾಗಿ ಬೆಚ್ಚಗಿರಬೇಕು. ಫ್ರಿಜ್‌ನಿಂದ ತೆಗೆದದ್ದು ವಾಸನೆಯೇ ಬಿಡುವುದಿಲ್ಲ. ಬೇಯಿಸಿದ ಕೋಳಿ, ಮುಳ್ಳು ಬಿಡಿಸಿದ ಮೀನು, ಬೆಂದ ತತ್ತಿಯ ಹಳದಿ, ಬೆಕ್ಕಿನ ಪೌಚ್ ಊಟ, ಇವುಗಳಲ್ಲಿ ಒಂದನ್ನು ಒಂದು ಚಮಚೆಯಷ್ಟು ಚಪ್ಪಟೆ ತಟ್ಟೆಯಲ್ಲಿ ಹಾಕಿ. ಮಾಂಸ ಬೇಯಿಸಿದ ನೀರನ್ನು ಒಣ ಆಹಾರದ ಮೇಲೆ ಚಿಮುಕಿಸಬಹುದು. ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಮನೆಯ ಸಾರಿನಿಂದ ತೆಗೆದ ತುಂಡನ್ನು ತೊಳೆದು ಕೊಡುವುದೂ ಬೇಡ.

ಮೂಗು ಕಟ್ಟಿದ ಬೆಕ್ಕಿಗೆ ಮೊದಲು ಒದ್ದೆ ಹತ್ತಿಯಿಂದ ಮೂಗು, ಕಣ್ಣು ಒರೆಸಿ. ಬಚ್ಚಲಲ್ಲಿ ಬಿಸಿನೀರು ಬಿಟ್ಟು ಬಾಗಿಲು ಹಾಕಿ ಆ ಹಬೆಯಲ್ಲಿ ಹತ್ತು ನಿಮಿಷ ಜೊತೆಗೆ ಕೂತುಕೊಳ್ಳಿ. ವಿಕ್ಸ್, ನೀಲಗಿರಿ ಎಣ್ಣೆ ಹಾಕಬೇಡಿ. ಹಬೆಯ ನಂತರ ಊಟ ಇಟ್ಟರೆ ಎಷ್ಟೋ ಬೆಕ್ಕು ಬಾಯಿ ಹಾಕುತ್ತವೆ.

ಇಟ್ಟು ಅಲ್ಲಿಂದ ಎದ್ದು ಹೋಗಿ. 20 ನಿಮಿಷ ಬಿಟ್ಟು ತಟ್ಟೆ ತೆಗೆಯಿರಿ, ನಮ್ಮ ಬಿಸಿಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಇಡಬಾರದು. ಎರಡು ಗಂಟೆ ಬಿಟ್ಟು ಇನ್ನೊಮ್ಮೆ. ಐದು ಬಗೆಯ ಊಟ ಸುತ್ತ ಜೋಡಿಸಿ, ಬೆರಳಿಗೆ ಹಚ್ಚಿ ಬಾಯಿಗೆ ಒರೆಸುತ್ತಾ ಹಿಂದೆ ಬೀಳಬೇಡಿ. ವಾಕರಿಕೆ ಇರುವಾಗ ಒತ್ತಾಯ ಮಾಡಿದರೆ ಬೆಕ್ಕು ಆ ವಾಸನೆಯನ್ನೇ ಕಾಯಿಲೆಗೆ ಜೋಡಿಸಿಕೊಳ್ಳುತ್ತದೆ, ಗುಣವಾದ ಮೇಲೂ ಆ ಊಟ ಮುಟ್ಟುವುದಿಲ್ಲ. ಕಾರಣ ಗೊತ್ತಿಲ್ಲದೆ ಸಿರಿಂಜ್‌ನಿಂದ ಹಿಂಡುವುದೂ ಬೇಡ, ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ.

ಹಾಲು ಅನ್ನ, ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ನಮ್ಮ ಕಡೆಯ ರೂಢಿ. ಕಾಯಿಲೆ ಬಿದ್ದಾಗ ಇದನ್ನು ನಿಲ್ಲಿಸಿ. ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಜೀರ್ಣವಾಗುವುದಿಲ್ಲ, ಭೇದಿಯಾಗಿ ಇನ್ನಷ್ಟು ನೀರು ಹೋಗುತ್ತದೆ. ದಿನವೂ ಹಾಲು ರೊಟ್ಟಿಯ ಮೇಲೇ ಬೆಳೆದ ಬೆಕ್ಕಿಗೆ ಟಾರಿನ್ ಅನ್ನುವ ಪೋಷಕಾಂಶ ಸಾಲದೆ ಕಣ್ಣು, ಹೃದಯ ಕೆಡಬಹುದು. ಅದು ಸಿಗುವುದು ಮಾಂಸ, ಮೀನಿನಲ್ಲಿ.

ಮನೆಯ ಔಷಧ ಡಬ್ಬಿಗೆ ಕೈ ಹಾಕಬೇಡಿ. ಪ್ಯಾರಸಿಟಮಾಲ್ ಒಂದೇ ಗುಳಿಗೆ ದೊಡ್ಡ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಅರಗಿಸುವ ವ್ಯವಸ್ಥೆಯೇ ಬೆಕ್ಕಿನ ಲಿವರ್‌ನಲ್ಲಿ ಸರಿಯಾಗಿಲ್ಲ. ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ, ವಸಡು ಕಂದಾಗುತ್ತದೆ, ಮುಖ ಊದುತ್ತದೆ. ಮಕ್ಕಳ ಜ್ವರದ ಸಿರಪ್‌ನಲ್ಲೂ ಅದೇ ಇರುವುದು. ಐಬುಪ್ರೊಫೇನ್, ಡೈಕ್ಲೋಫೆನಾಕ್ ನೋವಿನ ಗುಳಿಗೆಗಳೂ ಬೇಡ.

ವೈದ್ಯರ ಹತ್ತಿರ ಹೋಗುವಾಗ

ನಮ್ಮ ತಾಲ್ಲೂಕುಗಳ ಸರ್ಕಾರಿ ಪಶು ಆಸ್ಪತ್ರೆಗಳಿಗೆ ಬರುವುದು ಹೆಚ್ಚಾಗಿ ದನ, ಎಮ್ಮೆ, ಕುರಿ. ಬೆಳಗಿನ ಹೊತ್ತು ಗದ್ದಲ ಇರುತ್ತದೆ. "ಸಾಹೇಬ್ರ, ಬೆಕ್ಕು ಉಣ್ಣವಲ್ದು ನೋಡ್ರಿ" ಅಂದರೆ ಅವರಿಗೆ ಹಿಡಿಯಲು ಎಳೆಯೇ ಸಿಗುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಕೊನೆಯ ಊಟ ಯಾವಾಗ, ಕೊನೆಯ ಬಾರಿ ಮೂತ್ರ, ಮಲ ಯಾವಾಗ, ವಾಂತಿ ಎಷ್ಟು ಸಲ ಮತ್ತು ಯಾವ ಬಣ್ಣ, ಲಸಿಕೆ ಮತ್ತು ಜಂತು ಔಷಧ ಯಾವಾಗ ಕೊಟ್ಟದ್ದು, ತೂಕ ಎಷ್ಟು. ತೂಕಕ್ಕೆ ನೀವು ಬೆಕ್ಕನ್ನು ಎತ್ತಿಕೊಂಡು ಕಾಟಾ ಮೇಲೆ ನಿಂತು, ಆಮೇಲೆ ನಿಮ್ಮೊಬ್ಬರ ತೂಕ ಕಳೆದರೆ ಆಯಿತು. ಊಟ ಇಟ್ಟಾಗ ಮಾಡಿದ ವಿಡಿಯೊ ತೋರಿಸಿ. ಮೊದಲೇ ಫೋನ್ ಮಾಡಿ ಹೋದರೆ ಇನ್ನೂ ಒಳ್ಳೆಯದು. ಪಶು ಆಂಬುಲೆನ್ಸ್ ಸಹಾಯವಾಣಿ ಸಂಖ್ಯೆ 1962.

ರಕ್ತ ಪರೀಕ್ಷೆ, ಎಕ್ಸ್‌ರೇ ಬೇಕು ಅಂದರೆ ತಾಲ್ಲೂಕಿನಲ್ಲಿ ಎಲ್ಲ ಕಡೆ ಆಗುವುದಿಲ್ಲ. ಎಲ್ಲಿಗೆ ಹೋಗಬೇಕು ಅಂತ ವೈದ್ಯರನ್ನೇ ಕೇಳಿ. ಬೀದರಿನಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ಕಾಲೇಜಿದೆ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಒಯ್ಯಬೇಡಿ. ಗಾಳಿಯಾಡುವ ಎರಡು ಪ್ಲಾಸ್ಟಿಕ್ ಕಾಯಿಪಲ್ಲೆ ಬುಟ್ಟಿಗಳನ್ನು ಬಾಯಿಗೆ ಬಾಯಿ ಸೇರಿಸಿ ಕಟ್ಟಿದರೆ ಗಟ್ಟಿ ಗೂಡಾಗುತ್ತದೆ. ಒಳಗೆ ಅದು ಮಲಗುವ ಹಳೇ ಬಟ್ಟೆ ಹಾಸಿ, ಮೇಲೆ ತೆಳು ಬಟ್ಟೆ ಮುಚ್ಚಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲು ಹೊರಡಿ. ಜೀವಕ್ಕೆ ಅಪಾಯದ ಲಕ್ಷಣ ಇದ್ದರೆ ಬಿಸಿಲೂ ನೋಡಬೇಡಿ, ಬಟ್ಟೆ ಒದ್ದೆ ಮಾಡಿಕೊಂಡು ಹೊರಡಿ.

ಮರಿ ತಣ್ಣಗಾಗಿ ಸೋತಿದ್ದರೆ ದಾರಿಯಲ್ಲಿ ಗ್ಲೂಕೋಸ್ ನೀರನ್ನು ಬೆರಳಿನಿಂದ ವಸಡಿಗೆ ಸವರುತ್ತಾ ಹೋಗಿ. ಬಾಯಿಗೆ ಸುರಿಯಬೇಡಿ.

ಊಟಕ್ಕೆ ಮರಳುವಾಗ

ಚಿಕಿತ್ಸೆ ಶುರುವಾದ ಮೇಲೂ ಕೆಲವು ಬೆಕ್ಕು ತಾವಾಗಿ ತಿನ್ನುವುದಿಲ್ಲ. ವಾಂತಿ ತಡೆಯುವ ಔಷಧ, ಹಸಿವು ಹೆಚ್ಚಿಸುವ ಮಿರ್ಟಜಪಿನ್ ಇವೆ, ಆದರೆ ಅಳತೆ ವೈದ್ಯರೇ ಹೇಳಬೇಕು. ಮೂಗಿನಿಂದಲೋ ಕುತ್ತಿಗೆಯಿಂದಲೋ ಸಣ್ಣ ಕೊಳವೆ ಹಾಕಿ ಊಟ ಕೊಡುತ್ತೇವೆ ಅಂದರೆ ಹೆದರಬೇಡಿ. ಲಿವರ್ ಕೆಟ್ಟ ಬೆಕ್ಕು ಬದುಕುವುದು ಆ ಕೊಳವೆಯಿಂದಲೇ, ಕೆಲವಕ್ಕೆ ವಾರಗಟ್ಟಲೆ ಬೇಕಾಗುತ್ತದೆ.

ವೈದ್ಯರು ಸಿರಿಂಜ್‌ನಲ್ಲಿ ಕೊಡಿ ಅಂದರೆ ಬೆಕ್ಕನ್ನು ಕೂತ ಭಂಗಿಯಲ್ಲೇ ಇಟ್ಟುಕೊಳ್ಳಿ, ತಲೆ ಮೇಲಕ್ಕೆತ್ತಬೇಡಿ. ಕೋರೆಹಲ್ಲಿನ ಹಿಂದಿನ ಸಂದಿಯಿಂದ ಅರ್ಧ, ಒಂದು ಮಿಲಿಯಷ್ಟೇ ಬಿಡಿ. ಅದು ನುಂಗಿದ ಮೇಲೆ ಮುಂದಿನದು. ಕೆಮ್ಮಿದರೆ ನಿಲ್ಲಿಸಿ. ಬಹಳ ದಿನ ಉಪವಾಸ ಇದ್ದ ಬೆಕ್ಕಿಗೆ ಮೊದಲ ದಿನವೇ ಹೊಟ್ಟೆ ತುಂಬ ಕೊಡಬಾರದು, ರಕ್ತದ ಲವಣಗಳು ಏರುಪೇರಾಗುತ್ತವೆ. ಮೊದಲ ದಿನ ಬೇಕಾದ್ದರ ಕಾಲು ಭಾಗದಿಂದ ಮೂರನೇ ಒಂದು ಭಾಗ, ಅದನ್ನೇ ಐದಾರು ಸಲ ಹಂಚಿ, ಮೂರ್ನಾಲ್ಕು ದಿನದಲ್ಲಿ ಪೂರ್ತಿಗೆ ಏರಿಸಿ. ನಾಲ್ಕು ಕಿಲೋ ತೂಗುವ ಬೆಕ್ಕಿಗೆ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು. ಪೊಟ್ಟಣದ ಮೇಲೆ ಬರೆದಿರುವ ಲೆಕ್ಕ ನೋಡಿ ಅಳೆಯಿರಿ, ಎರಡು ವಾರ ಮೂರು ದಿನಕ್ಕೊಮ್ಮೆ ತೂಕ ಬರೆದಿಡಿ. ತೂಕ ಮತ್ತೆ ಇಳಿಯತೊಡಗಿದರೆ ಬೆಕ್ಕು ಪೂರ್ತಿ ಊಟ ಬಿಡುವವರೆಗೆ ಕಾಯದೆ ಅದೇ ಚೀಟಿ ಹಿಡಿದು ವೈದ್ಯರಿಗೆ ತೋರಿಸಿ.